ಮಗಳಿಗೊಂದು ಪತ್ರ: ಪೆನ್ಸಿಲಿನ ಆ ಇಂಟು ಗುರುತು

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಒಲೆಯ ಮೇಲೆ ಸಾರು ಉಕ್ಕುತ್ತಿದೆ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. 'ಆಯಿ, 2016ರಲ್ಲಿ ನೀನು ಯಾವ ಕಡೆಗೆ ಮತ ಹಾಕಿದೆ?' ಎಂದಷ್ಟೇ ನೀನು ಕೇಳಿದ್ದೆ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ ಎಂದು ಕೇಳಿದ ಆ ಬ್ರೆಕ್ಸಿಟ್ ಜನಮತಗಣನೆಯಲ್ಲಿ ಅಪ್ಪ ಉಳಿಯುವ ಕಡೆಗೆ ಹಾಕಿದ್ದು ಮನೆಗೆಲ್ಲ ಗೊತ್ತು. ನನ್ನದೂ ಅದೇ ಎಂದು ನೀವು ತಿಳಿದುಕೊಂಡಿರಿ, ನಾನೂ ಹಾಗೆಯೇ ಇರಲಿ ಎಂದು ಬಿಟ್ಟೆ.

ನಾನು ಹೊರಹೋಗುವ ಕಡೆಗೆ ಮತ ಹಾಕಿದೆ.

ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೋದರೆ ಟಿವಿಯಲ್ಲಿ ಕೇಳಿದ ಮಾತುಗಳೇ ನನ್ನ ಬಾಯಿಗೆ ಬರುತ್ತವೆ. ಹಾಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

ಆಗ ನಿನಗೆ ಒಂಬತ್ತು ವರ್ಷ. ನನ್ನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇತ್ತು. ಆದರೂ ನನಗೆ ಮತದಾನದ ಹಕ್ಕಿತ್ತು, ಏಕೆಂದರೆ ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಇಲ್ಲಿನ ಚುನಾವಣೆಗಳಲ್ಲಿ ಮತ ಹಾಕಬಹುದು, ಆ ಜನಮತಗಣನೆಯಲ್ಲೂ ಹಾಕಬಹುದಿತ್ತು. ನಮ್ಮ ಹಿಂದಿನ ಬೀದಿಯ ಮಾವಶಿಗೆ ಆ ಹಕ್ಕು ಇರಲಿಲ್ಲ. ಅವಳು ಗೋವಾದವಳು, ನಾನು ಅಂಕೋಲೆಯವಳು. ನಡುವೆ ಇರುವುದು ಕಾರವಾರ, ಮಾಜಾಳಿ, ಒಂದು ಗಡಿ, ಅಷ್ಟೇ. ನಾವಿಬ್ಬರೂ ಆಡುವುದು ಕೊಂಕಣಿ, ತಿನ್ನುವುದು ಅದೇ ಬಂಗುಡೆ ಸಾರು. ಆದರೆ 1961ರವರೆಗೆ ಗೋವಾ ಪೋರ್ಚುಗಲ್ಲಿನ ಕೈಯಲ್ಲಿತ್ತು. ಅದಕ್ಕೂ ಮೊದಲು ಅಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗಲ್ ತನ್ನ ಪೌರತ್ವ ಕೊಡುತ್ತದೆ. ಆ ಪಾಸ್‌ಪೋರ್ಟ್ ಹಿಡಿದು ಸಾವಿರಾರು ಗೋವನ್ನರು ನಮ್ಮ ಈ ಊರು ಸ್ವಿಂಡನ್ನಿಗೆ ಬಂದರು, ಮಾವಶಿಯೂ ಬಂದಳು. ಹಾಗಾಗಿ ಅವಳು ಐರೋಪ್ಯ ಪ್ರಜೆ, ವೀಸಾ ಇಲ್ಲದೆ ಇಲ್ಲಿರಬಹುದಿತ್ತು. ಈ ದೇಶದಲ್ಲಿ ಅವಳ ಬದುಕು ಆ ಮತದ ಮೇಲೆ ನಿಂತಿತ್ತು, ಮತ ಮಾತ್ರ ನನ್ನ ಹತ್ತಿರ ಇತ್ತು.

ಹಾಗಿದ್ದೂ ಏಕೆ ಹಾಕಿದೆ ಎಂದರೆ, ಅಜ್ಜಿಗಾಗಿ.

ಅಜ್ಜ ತೀರಿಕೊಂಡ ಮೇಲೆ ಅಜ್ಜಿಯನ್ನು ಇಲ್ಲಿಗೆ ಕರೆಸಿಕೊಳ್ಳಬೇಕೆಂದು ಎಷ್ಟು ಒದ್ದಾಡಿದೆ ಎನ್ನುವುದು ನಿನಗೆ ಗೊತ್ತಿಲ್ಲ. 2012ರಲ್ಲಿ ಬಂದ ನಿಯಮದ ಪ್ರಕಾರ ವಯಸ್ಸಾದ ತಂದೆ ತಾಯಿಯನ್ನು ಇಲ್ಲಿಟ್ಟುಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಅವರಿಗೆ ದಿನನಿತ್ಯದ ಕೆಲಸಗಳಿಗೂ ಇನ್ನೊಬ್ಬರ ಆಸರೆ ಬೇಕು, ಆ ಆಸರೆ ಅವರ ದೇಶದಲ್ಲಿ ದುಡ್ಡು ಕೊಟ್ಟರೂ ಸಿಗಬಾರದು. ಅಜ್ಜಿ ಆಗ ಇನ್ನೂ ಬಾವಿಯಿಂದ ನೀರು ಸೇದುತ್ತಿದ್ದರು. ಸರಿ, ಬೇಸಿಗೆಗೆ ನೋಡಿಕೊಂಡಾದರೂ ಹೋಗಲಿ ಎಂದು 2014ರಲ್ಲಿ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಿದೆವು. ನಿರಾಕರಣೆಯ ಪತ್ರ ಬಂತು. ಭೇಟಿ ಮುಗಿದ ಮೇಲೆ ಇವರು ತಾಯ್ನಾಡಿಗೆ ಮರಳುತ್ತಾರೆಂಬ ನಂಬಿಕೆ ನಮಗಿಲ್ಲ ಎಂಬರ್ಥದ ಒಂದು ಸಾಲು ಅದರಲ್ಲಿತ್ತು. ಎರಡು ರಾತ್ರಿ ಮನೆ ಬಿಟ್ಟರೆ ದನಕ್ಕೆ ಹುಲ್ಲು ಹಾಕುವವರು ಯಾರು ಎಂದು ಚಡಪಡಿಸುವ ಹೆಂಗಸಿನ ಬಗ್ಗೆ ಬರೆದ ಸಾಲು ಅದು. ಅಜ್ಜಿ ನಿನಗಾಗಿ ಒಣಗಿಸಿಟ್ಟಿದ್ದ ಇಶಾಡು ಮಾವಿನ ಹಣ್ಣಿನ ಹಪ್ಪಳ ಆ ವರ್ಷ ಡಬ್ಬಿಯಲ್ಲೇ ಉಳಿಯಿತು.

ಅದೇ ವರ್ಷ ಮಾವಶಿಯ ತಾಯಿ ಬಂದರು. ಅವರದೂ ಪೋರ್ಚುಗಲ್ ಪಾಸ್‌ಪೋರ್ಟ್. ಬ್ರಿಸ್ಟಲ್ ವಿಮಾನ ನಿಲ್ದಾಣದಲ್ಲಿ ಇಳಿದು, ವೀಸಾ ಗೀಸಾ ಇಲ್ಲದೆ ಬರೀ ಆ ಪಾಸ್‌ಪೋರ್ಟ್ ತೋರಿಸಿ, ಮಗಳ ಮನೆಯಲ್ಲಿ ಬಂದು ಕುಳಿತರು. ಅವರು ಮಾಡಿ ಕಳಿಸಿದ ದೋದೋಲ್ ಎಂಬ ಗೋವಾದ ಸಿಹಿಯನ್ನು ನೀನು ಚಪ್ಪರಿಸಿ ತಿಂದೆ. ನನ್ನ ಗಂಟಲಲ್ಲಿ ಅದು ಇಳಿಯಲಿಲ್ಲ. ನನಗೆ ಹೊಟ್ಟೆಕಿಚ್ಚಾಗಿತ್ತು, ಪುಟ್ಟಿ. ಅದಕ್ಕೆ ಬೇರೆ ಹೆಸರಿಲ್ಲ.

ಆಮೇಲೆ 2016ರ ಪ್ರಚಾರ ಬಂತು. ವಾರಕ್ಕೆ 35 ಕೋಟಿ ಪೌಂಡ್ ಐರೋಪ್ಯ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಹೋಗುತ್ತಿದೆ, ಅದನ್ನು ಆಸ್ಪತ್ರೆಗಳಿಗೆ ಕೊಡೋಣ ಎಂದು ಕೆಂಪು ಬಸ್ಸಿನ ಮೇಲೆ ಬರೆದುಕೊಂಡು ಊರೂರು ಸುತ್ತಿದರು. ನಾನು ವಾರ್ಡಿನಲ್ಲಿ ಕೆಲಸ ಮಾಡುವವಳು, ಅದನ್ನು ನಂಬಲಿಲ್ಲ. ನಾನು ನಂಬಿದ್ದು ಇನ್ನೊಂದು ಮಾತನ್ನು. ಯುರೋಪಿಗೆ ಬಾಗಿಲು ತೆರೆದಿಟ್ಟಿರುವುದರಿಂದಲೇ ಭಾರತ, ಬಾಂಗ್ಲಾದೇಶಗಳ ಜನರಿಗೆ ಬಾಗಿಲು ಮುಚ್ಚಬೇಕಾಗಿದೆ, ನಾವು ಹೊರಬಂದರೆ ಎಲ್ಲರಿಗೂ ಒಂದೇ ಅಳತೆ ಎಂದರು. ಭಾರತೀಯ ಹೋಟೆಲುಗಳ ಅಡುಗೆಯವರಿಗೆ ಆಗ ವೀಸಾ ಸಿಗುವುದು ಸುಲಭವಾಗುತ್ತದೆ ಎಂದು ಹೊರಹೋಗುವ ಕಡೆಯ ಸಚಿವೆ ಪ್ರೀತಿ ಪಟೇಲ್ ಹೇಳಿದರು. ಅಡುಗೆಯವರಿಗೆ ಸಿಕ್ಕಿದರೆ ಅಜ್ಜಿಗೂ ಸಿಗಬಹುದಲ್ಲ ಎಂದು ನನ್ನ ಲೆಕ್ಕ.

ಅಜ್ಜಿಯನ್ನು ತಡೆದ ನಿಯಮ ಬ್ರಸೆಲ್ಸ್‌ನಲ್ಲಿ ಹುಟ್ಟಿದ್ದಲ್ಲ, ಲಂಡನ್ನಿನಲ್ಲೇ ಹುಟ್ಟಿದ್ದು. ಆಗ ಗೃಹ ಸಚಿವೆಯಾಗಿದ್ದವರು ತೆರೆಸಾ ಮೇ. ಇದು ನನಗೆ ಗೊತ್ತಿತ್ತು. ಅರ್ಜಿ ತುಂಬುವಾಗ ಆ ನಿಯಮಗಳನ್ನು ಸಾಲು ಸಾಲಾಗಿ ಓದಿದವಳು ನಾನು. ಗೊತ್ತಿದ್ದೂ ಆ ದಿನ ಅದನ್ನು ಬದಿಗೆ ಸರಿಸಿದೆ.

ಜೂನ್ 23, ಗುರುವಾರ. ರಾತ್ರಿ ಪಾಳಿಗೆ ಹೊರಟವಳು ದಾರಿಯಲ್ಲಿ ಮತಗಟ್ಟೆಗೆ ಹೋದೆ. ಊರಿನಲ್ಲಿ ಉಗುರಿಗೆ ಶಾಯಿ ಹಚ್ಚಿಸಿಕೊಂಡು ಅಭ್ಯಾಸವಾದವಳಿಗೆ ಇಲ್ಲಿ ಎಲ್ಲವೂ ಸಪ್ಪೆ ಎನ್ನಿಸುತ್ತಿತ್ತು. ಶಾಯಿಯಿಲ್ಲ, ಆಗ ಗುರುತಿನ ಚೀಟಿಯನ್ನೂ ಕೇಳುತ್ತಿರಲಿಲ್ಲ. ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್ ಮಾತ್ರ. ಪೆನ್ಸಿಲ್ ಗುರುತನ್ನು ಅಳಿಸಿಬಿಡುತ್ತಾರೆ ಎಂಬ ಗುಲ್ಲು ಆ ದಿನ ಎದ್ದಿತ್ತು. ನನ್ನ ಮುಂದಿದ್ದ ಮುದುಕರೊಬ್ಬರು ಕೋಟಿನ ಜೇಬಿನಿಂದ ಪೆನ್ನು ತೆಗೆದುಕೊಂಡೇ ಒಳಗೆ ಹೋದರು. ಮತಪತ್ರದಲ್ಲಿ ಒಂದೇ ಪ್ರಶ್ನೆ, ಎರಡು ಚೌಕ. ನಾನು ಕೆಳಗಿನ ಚೌಕದಲ್ಲಿ ಇಂಟು ಗುರುತು ಹಾಕಿದೆ. ಗೆರೆ ತೆಳುವಾಯಿತು ಎನ್ನಿಸಿ ಮತ್ತೊಮ್ಮೆ ಒತ್ತಿ ಎಳೆದೆ. ಆ ಎರಡನೆಯ ಸಲದ ಗೆರೆ ಇವತ್ತಿಗೂ ನನ್ನ ಬೆರಳಿಗೆ ನೆನಪಿದೆ.

ಆ ರಾತ್ರಿ ವಾರ್ಡಿನಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಸಂದರ್ಶಕರ ಕೋಣೆಯ ಟಿವಿಯನ್ನು ಶಬ್ದ ತಗ್ಗಿಸಿ ಹಾಕಿಟ್ಟಿದ್ದೆವು. ಬೆಳಗಿನ ಜಾವ 4.40ಕ್ಕೆ ಬಿಬಿಸಿಯಲ್ಲಿ ಡೇವಿಡ್ ಡಿಂಬಲ್‌ಬಿ ಬ್ರಿಟನ್ ಹೊರಬರುತ್ತಿದೆ ಎಂದರು. ಸೊಂಟದ ಶಸ್ತ್ರಚಿಕಿತ್ಸೆಯಾಗಿದ್ದ ಅಜ್ಜ ಒಬ್ಬರು ಮಲಗಿದಲ್ಲಿಂದಲೇ ಚಪ್ಪಾಳೆ ತಟ್ಟಿದರು. ಅವರ ಹಾಸಿಗೆಯ ಪಕ್ಕದಲ್ಲಿ ಡ್ರಿಪ್ ಬದಲಿಸುತ್ತಿದ್ದವಳು ಸ್ಪೇನಿನ ಹುಡುಗಿ. ಅವಳು ಡ್ರಿಪ್ಪಿನ ಹನಿ ಎಣಿಸಿ, ಗಡಿಯಾರ ನೋಡಿ, ಚೀಟಿಯಲ್ಲಿ ಬರೆದು, ದಿಂಬು ಸರಿಮಾಡಿ, ಆಮೇಲೆ ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅವಳ ಹಿಂದೆ ಹೋದೆ. ಏನು ಹೇಳಲಿ? 'ನೀನು ಎಲ್ಲಿಗೂ ಹೋಗಬೇಕಾಗಿಲ್ಲ' ಎಂದು ಬೆನ್ನು ಸವರಿದೆ. ಸವರಿದ್ದು ಅದೇ ಕೈ.

ಉಳಿದದ್ದು ನಿನಗೆ ಗೊತ್ತು. ಶೇ. 51.9 ಹೊರಗೆ, ಶೇ. 48.1 ಒಳಗೆ. ನಮ್ಮ ಸ್ವಿಂಡನ್ನಿನಲ್ಲಿ ಹೊರಹೋಗುವವರು ಶೇ. 54.7. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಉಳಿಯೋಣ ಎಂದವು, ಇಂಗ್ಲೆಂಡ್ ಮತ್ತು ವೇಲ್ಸ್ ಹೊರಡೋಣ ಎಂದವು. ಬೆಳಗಾಗುತ್ತಲೇ ಪ್ರಧಾನಿ ಕ್ಯಾಮರಾನ್ ರಾಜೀನಾಮೆ ಪ್ರಕಟಿಸಿದರು. ಒಂದು ತಿಂಗಳೊಳಗೆ ಪ್ರಧಾನಿಯಾದವರು ಯಾರು? ಅಜ್ಜಿಯ ಬಾಗಿಲು ಮುಚ್ಚಿದ ಅದೇ ತೆರೆಸಾ ಮೇ.

ಆಮೇಲಿನ ಮೂರೂವರೆ ವರ್ಷ ಈ ದೇಶ ಜಗಳವಾಡಿದ್ದು ನನ್ನ ಇಂಟು ಗುರುತಿನ ಅರ್ಥ ಏನು ಎಂಬುದರ ಬಗ್ಗೆ. ಒಂದು ಕೋಟಿ 74 ಲಕ್ಷ ಜನ ಹೇಳಿದ್ದಾರೆ ಎಂದು ಒಬ್ಬೊಬ್ಬ ನಾಯಕರು ಎದ್ದುನಿಂತು ಹೇಳುವಾಗಲೆಲ್ಲ ನನ್ನ ಮೈ ಕುಗ್ಗುತ್ತಿತ್ತು, ಆ ಲೆಕ್ಕದಲ್ಲಿ ನಾನೂ ಇದ್ದೆ. ಒಕ್ಕೂಟದ ದೇಶಗಳ ಏಕ ಮಾರುಕಟ್ಟೆ ಬಿಡಬೇಕೆಂದು ನಾನು ಹೇಳಿರಲಿಲ್ಲ. ಒಪ್ಪಂದವಿಲ್ಲದೆ ಹೊರಬೀಳಿ ಎಂದೂ ಹೇಳಿರಲಿಲ್ಲ. ಐರ್ಲೆಂಡಿನ ಗಡಿಯ ಬಗ್ಗೆ, ಅಲ್ಲಿ 1998ರಲ್ಲಿ ಕಷ್ಟಪಟ್ಟು ಕಟ್ಟಿದ ಶಾಂತಿಯ ಬಗ್ಗೆ, ಪೆನ್ಸಿಲ್ ಹಿಡಿದಾಗ ಒಂದು ಕ್ಷಣವೂ ಯೋಚಿಸಿರಲಿಲ್ಲ. ಮತಪತ್ರ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲೇ ಇಲ್ಲ, ನನ್ನ ಮನಸ್ಸಿನಲ್ಲಿದ್ದ ಪ್ರಶ್ನೆಗೆ ಕೊಟ್ಟೆ. ಹಾಗೆ ಕೊಟ್ಟವರು ಎಷ್ಟು ಲಕ್ಷ ಜನ ಇದ್ದಾರೋ.

2019ರ ಜನವರಿಯಲ್ಲಿ, ಹೊರಬರುವ ಬಗ್ಗೆ ಮೇ ಅವರು ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದ ಸಂಸತ್ತಿನಲ್ಲಿ 202ಕ್ಕೆ ಎದುರಾಗಿ 432 ಮತಗಳಿಂದ ಬಿದ್ದುಹೋಯಿತು. ಮಾರ್ಚ್‌ನಲ್ಲಿ ಇನ್ನೆರಡು ಸಲ ಬಿತ್ತು. ಹಾಗಾದರೆ ನಿಮಗೆ ಏನು ಬೇಕು ಎಂದು ಸಂಸತ್ತು ತನ್ನನ್ನೇ ಕೇಳಿಕೊಂಡಾಗ ಯಾವ ದಾರಿಗೂ ಬಹುಮತ ಬರಲಿಲ್ಲ. ನಿರ್ಧಾರವನ್ನೇ ರದ್ದು ಮಾಡಿ ಎಂಬ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು, ಅಪ್ಪನದೂ ಒಂದು. ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಬಂದು ಸಂಸತ್ತನ್ನೇ ಐದು ವಾರ ಮುಚ್ಚಿಸಲು ಹೋದರು, ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಅದು ಕಾನೂನುಬಾಹಿರ ಎಂದರು. ಅದಕ್ಕೂ ಮೊದಲು, 2016ರಲ್ಲಿ, ಹೊರಬರುವ ಪ್ರಕ್ರಿಯೆ ಆರಂಭಿಸಲು ಸಂಸತ್ತಿನ ಒಪ್ಪಿಗೆ ಬೇಕು ಎಂದು ತೀರ್ಪು ಕೊಟ್ಟ ಮೂವರು ನ್ಯಾಯಮೂರ್ತಿಗಳ ಚಿತ್ರ ಹಾಕಿ 'ಜನರ ಶತ್ರುಗಳು' ಎಂದು ಒಂದು ಪತ್ರಿಕೆ ಮುಖಪುಟದಲ್ಲಿ ಬರೆದಿತ್ತು. ಅದಕ್ಕೂ ಮೊದಲು, ಮತದಾನಕ್ಕೆ ಒಂದು ವಾರ ಇರುವಾಗ, ಉಳಿಯುವ ಕಡೆಯ ಸಂಸದೆ ಜೋ ಕಾಕ್ಸ್ ಅವರನ್ನು ಹಾಡಹಗಲೇ ಕೊಂದರು. ಅವರ ಮಕ್ಕಳಿಬ್ಬರೂ ಆಗ ನಿನಗಿಂತ ಚಿಕ್ಕವರು. ಆ ಸುದ್ದಿ ನೋಡಿ ಅತ್ತವಳು, ಏಳು ದಿನ ಕಳೆದು ಹೋಗಿ ಅದೇ ಚೌಕದಲ್ಲಿ ಗುರುತು ಹಾಕಿದೆ.

ಮಾವಶಿಯ ತಂದೆ ಬದುಕಿದ್ದಾಗ ಒಮ್ಮೆ ನಮ್ಮ ಮನೆಗೆ ಬಂದಿದ್ದರಲ್ಲ, ನೆನಪಿದೆಯೇ? ಟಿವಿಯಲ್ಲಿ ಸಂಸತ್ತಿನ ಗದ್ದಲ ನೋಡುತ್ತ 1967ರ ಕಥೆ ಹೇಳಿದರು. ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೇ ಎಂದು ಆ ವರ್ಷ ಜನವರಿ 16ರಂದು ಮತ ಕೇಳಿದ್ದರು. ವಿಲೀನಕ್ಕೆ ಹೂವಿನ ಚಿಹ್ನೆ, ಉಳಿಯುವುದಕ್ಕೆ ಎರಡೆಲೆ. ಇವರದು ಎರಡೆಲೆ, ಇವರ ಅಣ್ಣನದು ಹೂವು. ಎರಡೆಲೆ 34,021 ಮತಗಳಿಂದ ಗೆದ್ದಿತು. ವಿಲೀನ ಬೇಕೆಂದಿದ್ದ ಮುಖ್ಯಮಂತ್ರಿ ಬಾಂದೋಡ್ಕರ್, ಮತದಾನ ನ್ಯಾಯವಾಗಿ ನಡೆಯಲಿ ಎಂದು ಮೊದಲೇ ಅಧಿಕಾರ ಬಿಟ್ಟಿದ್ದರು. ಸೋತ ಮೇಲೆ, ಕೆಲವೇ ತಿಂಗಳಲ್ಲಿ ಚುನಾವಣೆ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. 'ಹೂವಿಗೆ ಹಾಕಿದರೆ ಏನಾಗುತ್ತದೆ, ಎಲೆಗೆ ಹಾಕಿದರೆ ಏನಾಗುತ್ತದೆ ಎಂದು ನಮಗೆ ಗೊತ್ತಿತ್ತು. ಇಲ್ಲಿ ಒಂದು ಕಡೆಗೆ ಮಾತ್ರ ಅರ್ಥ ಇತ್ತು' ಎಂದರು ಆ ಹಿರಿಯರು. ನಾನು ಅವರಿಗೆ ಚಹಾ ಬಗ್ಗಿಸುತ್ತಿದ್ದೆ, ತಲೆ ಎತ್ತಲಿಲ್ಲ.

2019ರ ಏಪ್ರಿಲ್‌ನಲ್ಲಿ ಮಾವಶಿ ನಮ್ಮ ಮನೆಗೆ ಬಂದಳು. ಇಲ್ಲೇ ಉಳಿಯಲು ಅವಳಂಥ ಐರೋಪ್ಯ ಪ್ರಜೆಗಳು ಅರ್ಜಿ ಹಾಕಬೇಕಿತ್ತು. ಅರ್ಜಿಯ ಆಪ್ ಆಗ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ನಡೆಯುತ್ತಿತ್ತು, ಅವಳದು ಐಫೋನ್. ನನ್ನ ಫೋನಿನಲ್ಲಿ ಹಾಕಿದೆವು. ಪಾಸ್‌ಪೋರ್ಟನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಅದರ ಮೇಲೆ ಫೋನ್ ಇಟ್ಟು ಕಾದೆವು. ಮೂರು ಸಲ ಆದರೂ ಚಿಪ್ ಓದಲಿಲ್ಲ. ನಾಲ್ಕನೆಯ ಸಲಕ್ಕೆ ಓದಿತು. ಆಮೇಲೆ ಮುಖದ ಚಿತ್ರ ತೆಗೆಯಬೇಕು. 'ನಗಬಾರದಂತೆ' ಎಂದೆ. 'ನಗು ಎಲ್ಲಿಂದ ಬರಬೇಕು?' ಎಂದಳು. ಹದಿಮೂರು ವರ್ಷ ಇದೇ ಊರಿನಲ್ಲಿ ದುಡಿದು ತೆರಿಗೆ ಕಟ್ಟಿದವಳು ತನ್ನ ಮುಖ ತೋರಿಸಿ ಇಲ್ಲೇ ಇರಲು ಅಪ್ಪಣೆ ಕೇಳುತ್ತಿದ್ದಳು, ಫೋನ್ ಹಿಡಿದವಳು ನಾನು. ಹೋಗುವಾಗ ನನ್ನ ಕೈ ಹಿಡಿದು 'ನೀನಿಲ್ಲದಿದ್ದರೆ ಏನು ಮಾಡುತ್ತಿದ್ದೆ' ಎಂದಳು.

ಹೊರಬಂದ ಮೇಲೆ ಭಾರತದಿಂದ ನರ್ಸುಗಳು ಬಹಳ ಜನ ಬಂದರು, ನಮ್ಮ ವಾರ್ಡಿನಲ್ಲೇ ಮಂಗಳೂರಿನ ಇಬ್ಬರು ಹುಡುಗಿಯರಿದ್ದಾರೆ. ಆ ಮಟ್ಟಿಗೆ ಆ ಮಾತು ಪೂರ್ತಿ ಸುಳ್ಳಾಗಲಿಲ್ಲ, ಇದನ್ನೂ ನಿನಗೆ ಹೇಳಬೇಕು. ನಮ್ಮೂರಿನ ಹೋಂಡಾ ಕಾರು ಕಾರ್ಖಾನೆ 2021ರಲ್ಲಿ ಮುಚ್ಚಿ 3,500 ಕೆಲಸ ಹೋದಾಗ ಊರೆಲ್ಲ ಬ್ರೆಕ್ಸಿಟ್ ಎಂದು ಬೈದಿತು, ಕಂಪನಿ ಮಾತ್ರ ಅದು ಕಾರಣವಲ್ಲ, ವಿದ್ಯುತ್ ಕಾರುಗಳತ್ತ ಹೊರಳುತ್ತಿದ್ದೇವೆ ಎಂದಿತ್ತು. ಅದರ ಭಾರವನ್ನು ನಾನು ಹೊರುವುದಿಲ್ಲ. ಆದರೆ ತಂದೆ ತಾಯಿಯರ ನಿಯಮ ಇವತ್ತಿಗೂ ಹಾಗೆಯೇ ಇದೆ. ಅಜ್ಜಿ 2018ರ ಮಳೆಗಾಲದಲ್ಲಿ ಅಂಕೋಲೆಯಲ್ಲೇ ಕಣ್ಣುಮುಚ್ಚಿದರು. ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಿನಗೆ ಬರೆಯುವ ಮೊದಲು ಮಾವಶಿಗೆ ಹೇಳಬೇಕು ಎನ್ನಿಸಿ ಮಂಗಳವಾರ ಅವಳ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ, ದೋದೋಲಿನಿಂದ ಹಿಡಿದು. ಅವಳು ಮೀನಿಗೆ ಉಪ್ಪು ಅರಿಶಿನ ಸವರುತ್ತಿದ್ದಳು, ಸವರುವುದನ್ನು ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ 'ಆ ಫೋನ್ ಹಿಡಿದ ದಿನವಾದರೂ ಹೇಳಬಹುದಿತ್ತು' ಎಂದಳು. ಹೊರಡುವಾಗ ಬಾಗಿಲವರೆಗೆ ಬಂದಳು. ಪ್ರತಿ ಸಲ ಕಟ್ಟಿಕೊಡುತ್ತಿದ್ದ ಡಬ್ಬಿಯನ್ನು ಈ ಸಲ ಕಟ್ಟಿಕೊಡಲಿಲ್ಲ.

ಇವತ್ತು ಶುಕ್ರವಾರ. ಅವಳ ಫೋನ್ ಇನ್ನೂ ಬಂದಿಲ್ಲ. ರಜೆಗೆ ಬಂದಾಗ ನೀನು ಯಾವಾಗಲೂ ಹೋಗುವ ಹಾಗೆ ಅವಳ ಮನೆಗೆ ಹೋಗಿ ಬಾ. ನನ್ನ ಪರವಾಗಿ ಏನೂ ಹೇಳಬೇಡ. ಅವಳ ಡಬ್ಬಿ ಒಂದು ನಮ್ಮಲ್ಲಿದೆ, ತೊಳೆದಿಟ್ಟಿದ್ದೇನೆ, ಅದನ್ನು ಕೊಟ್ಟು ಬಾ.

ನಿನ್ನ
ಆಯಿ