ರಾಕ್ಷಸರನ್ನು ಸೂತ್ರ ಹಾಕಿ ತರಲಾಗದು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟಗಳ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಹೆಸರು ಕನ್ನಡ ಪತ್ರಿಕೆಯಲ್ಲಿ ಕಾಣುವುದೇ ಅಪರೂಪ. ಆದರೆ ಹಳೆಯ ಪುಸ್ತಕದ ರಾಕ್ಷಸರನ್ನು ಹೊಸ ಆಟಕ್ಕೆ ತರಲು ಹತ್ತೊಂಬತ್ತರಲ್ಲಿ ಹಳೆಯ ರಕ್ಷಣೆಯ ಅಂಕಿ ಕಳೆಯುವ ಒಂದು ಲೆಕ್ಕ ಗೊತ್ತಿದ್ದರೆ ಸಾಕು ಎಂದು ಅದರಲ್ಲಿ ಬರೆದಿದ್ದನ್ನು ಒಪ್ಪಲಾರೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ರಜೆಯಲ್ಲಿ ಅಕ್ಕನ ಮಕ್ಕಳನ್ನೂ ಅವರ ಗೆಳೆಯರನ್ನೂ ಕೂರಿಸಿಕೊಂಡು ಈ ಆಟ ನಡೆಸುತ್ತೇನೆ. ಲೆಕ್ಕದ ಮೇಲೆ ಪ್ರೀತಿ ಇರುವುದರಿಂದಲೇ ಈ ಪತ್ರ.

ಲೇಖನದಲ್ಲಿ ಹೇಳಿದ ಸೂತ್ರವೇನೋ ಸರಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಆರ್ಮರ್ ಕ್ಲಾಸ್, ಅಂದರೆ ಏಟು ತಗುಲದಂತೆ ಕಾಯುವ ಅಂಕಿ, ಕಡಿಮೆಯಾದಷ್ಟೂ ರಕ್ಷಣೆ ಗಟ್ಟಿ ಎಂಬ ಲೆಕ್ಕವಿತ್ತು. 2000ದ ಮೂರನೇ ಆವೃತ್ತಿಯಲ್ಲಿ ಅದು ತಿರುಗುಮುರುಗಾಯಿತು. ಗಾಯ ತಾನೇ ಮಾಯುವ ದೈತ್ಯ ಟ್ರೋಲ್‌ಗೆ ಇದೇ ಆಟದ 1981ರ ಬೇಸಿಕ್–ಎಕ್ಸ್‌ಪರ್ಟ್ ಪುಸ್ತಕಗಳಲ್ಲಿ ಆರ್ಮರ್ ಕ್ಲಾಸ್ 4. ಹತ್ತೊಂಬತ್ತರಲ್ಲಿ ನಾಲ್ಕು ಕಳೆದರೆ 15. 2014ರ ಐದನೇ ಆವೃತ್ತಿಯ ಟ್ರೋಲ್‌ಗೂ 15. ಇಷ್ಟು ಚೆನ್ನಾಗಿ ತಾಳೆಯಾದ ಮೇಲೆ ಉಳಿದದ್ದನ್ನೂ ಹಾಗೇ ತರಬಹುದು ಎಂದು ಯಾರಿಗಾದರೂ ಅನ್ನಿಸುತ್ತದೆ.

ತಂದು ನೋಡಿ. ಹಳೆಯ ಟ್ರೋಲ್‌ನ ಜೀವದ ಅಂಕ, ಅಂದರೆ ಸಾಯುವ ಮೊದಲು ಅದು ತಾಳುವ ಏಟು, ಸರಾಸರಿ 30. ಏಟು ಬಿದ್ದ ಮೂರು ಸುತ್ತಿನ ಬಳಿಕ ಸುತ್ತಿಗೆ 3 ಅಂಕದಂತೆ ಮಾಯುತ್ತದೆ. ಆಗಿನ ವೀರನ ಕತ್ತಿಯೇಟು ಎಂದರೆ ಎಂಟು ಮುಖದ ಒಂದು ದಾಳ, ಸರಾಸರಿ ನಾಲ್ಕೂವರೆ. ಹಾಗಾಗಿ ಆ ಮೂರು ಅಂಕ ನಿಜಕ್ಕೂ ಕಾಡುತ್ತಿತ್ತು. ಬೆಂಕಿಯೋ ಆ್ಯಸಿಡ್ಡೋ ಹುಡುಕದೆ ವಿಧಿಯಿರಲಿಲ್ಲ. ಐದನೇ ಆವೃತ್ತಿಯಲ್ಲಿ ಐದನೇ ಹಂತದ ಯೋಧ ದೊಡ್ಡ ಕತ್ತಿಯಿಂದ ಎರಡು ಏಟು ಹಾಕುತ್ತಾನೆ, ಎರಡೂ ತಗುಲಿದರೆ ಸುಮಾರು 22. ಅವನೆದುರು ಸುತ್ತಿಗೆ ಮೂರು ಅಂಕ ಮಾಯುವ ಟ್ರೋಲ್ ಬರೀ ಉದ್ದ ಮೂಗಿನ ಗೂಳಿ. 2014ರ ಪುಸ್ತಕದಲ್ಲಿ ಜೀವದ ಅಂಕ 84, ಮಾಯುವುದು 10 ಎಂದು ಇಟ್ಟಿರುವುದು ಇದಕ್ಕೇ. ಯಾವ ಕಳೆಯುವ ಲೆಕ್ಕದಿಂದಲೂ ಆ ಹತ್ತು ಹುಟ್ಟುವುದಿಲ್ಲ. ಆಟಗಾರರು ಬೆಂಕಿ ಹುಡುಕಲೇಬೇಕು ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ ಹುಟ್ಟುತ್ತದೆ.

ನನಗೆ ತುಂಬಾ ಬೇಸರವಾಗುವುದು ಇನ್ನೊಂದು ಅಂಕಿ ಕಳೆದುಹೋಗುವುದಕ್ಕೆ. ಹಳೆಯ ಆಟದಲ್ಲಿ ಪ್ರತಿ ರಾಕ್ಷಸನಿಗೂ ಧೈರ್ಯದ ಅಂಕಿ ಇತ್ತು. ಆರು ಮುಖದ ಎರಡು ದಾಳ ಉರುಳಿಸಿ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಕಾಲ್ಕೀಳುತ್ತಿತ್ತು. ಟ್ರೋಲ್‌ಗೆ ಅದು 10, ಬೆಂಕಿ ಕಂಡರೆ 8. ಎರಡು ದಾಳದಲ್ಲಿ ಹತ್ತಕ್ಕಿಂತ ಹೆಚ್ಚು ಬೀಳುವ ಸಾಧ್ಯತೆ ಮೂವತ್ತಾರರಲ್ಲಿ ಮೂರು. ಎಂಟಕ್ಕಿಂತ ಹೆಚ್ಚು ಬೀಳುವುದು ಮೂವತ್ತಾರರಲ್ಲಿ ಹತ್ತು. ಒಂದು ದೊಂದಿ ಎತ್ತಿ ಹಿಡಿದರೆ ಸಾಕು, ಅದು ಓಡುವ ಸಂಭವ ಮೂರು ಪಟ್ಟಿಗೂ ಮಿಕ್ಕಿ ಏರುತ್ತದೆ. ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹೊಸ ಆವೃತ್ತಿಯ ವಿವರದಲ್ಲಿ ಈ ಅಂಕಿಗೆ ಜಾಗವೇ ಇಲ್ಲ, ಹಾಗಾಗಿ ಸೂತ್ರ ಹಾಕಿದವರು ಅದನ್ನು ಬಿಟ್ಟೇಬಿಡುತ್ತಾರೆ. ನನ್ನ ಚೀಟಿಯಲ್ಲಿ ಮಾತ್ರ ‘ದೊಂದಿ ಹಿಡಿದವರ ಹತ್ತಿರ ಸುಳಿಯುವುದಿಲ್ಲ, ಕತ್ತಲಲ್ಲಿರುವವರನ್ನೇ ಹಿಡಿಯುತ್ತದೆ’ ಎಂದು ಬರೆದಿಟ್ಟುಕೊಂಡಿದ್ದೇನೆ.

ಬೇರೆ ಕಂಪನಿಯ ಆಟಕ್ಕೆ ಹೋದರೆ ಅಂಕಿಯ ಅರ್ಥವೇ ಬೇರೆ. ಐದನೇ ಆವೃತ್ತಿಯಲ್ಲಿ ಟ್ರೋಲ್‌ನ ಸವಾಲಿನ ಮಟ್ಟ 5. ಐದನೇ ಹಂತದ ನಾಲ್ವರು ಸೇರಿ ಒಂದನ್ನು ಎದುರಿಸಬಹುದು ಎಂದು ಅದರರ್ಥ. 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲೂ ಟ್ರೋಲ್ 5ನೇ ಹಂತದ್ದೇ. ಆದರೆ ಅಲ್ಲಿನ ಲೆಕ್ಕದಲ್ಲಿ ಅದು ಒಬ್ಬ ವೀರನಿಗೆ ಸಮ. ನಾಲ್ವರ ಮುಂದೆ ಒಂದೇ ಒಂದು ಬಂದರೆ ತೀರಾ ಸುಲಭದ ಕಾಳಗ.

ನಮ್ಮೂರ ಮಕ್ಕಳು ಯಕ್ಷಗಾನದ ದೇವಿ ಮಹಾತ್ಮೆ ಆಟ ನೋಡಿ ಬೆಳೆದವರು. ಅವರಿಗೆ, ನೆಲಕ್ಕೆ ಬಿದ್ದ ರಕ್ತದ ಹನಿಹನಿಯಿಂದಲೂ ಮತ್ತೆ ಹುಟ್ಟುವ ರಕ್ತಬೀಜಾಸುರ ಬೇಕಿತ್ತು. ಪುಸ್ತಕದಲ್ಲಿ ‘ರಾಕ್ಷಸ’ ಎಂಬ ಹೆಸರಿನದೇ ಒಂದಿದೆ, ಈ ಆಟದ ರಾಕ್ಷಸರ ಕೈಪಿಡಿಯಾದ 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಿಂದಲೂ ಇದೆ. ಹುಲಿಯ ತಲೆ, ಮಂತ್ರಿಸಿದ ಬಾಣಕ್ಕೆ ಸಾವು. ನಮ್ಮ ಬಣ್ಣದ ವೇಷಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಸರನ್ನು ಬಿಟ್ಟು ಗುಣ ಹುಡುಕಿದಾಗ ಸಿಕ್ಕಿದ್ದು ಬ್ಲ್ಯಾಕ್ ಪುಡಿಂಗ್ ಎಂಬ ಕಪ್ಪು ಲೋಳೆ. ಕತ್ತಿಯಿಂದ ಕಡಿದರೆ ಅದು ಎರಡಾಗುತ್ತದೆ, ಉಳಿದ ಜೀವದ ಅಂಕ ಅರ್ಧರ್ಧ ಹಂಚಿಹೋಗುತ್ತದೆ. ಆ ನಿಯಮವನ್ನು ಎತ್ತಿಕೊಂಡು, ರಕ್ತ ನೆಲ ಮುಟ್ಟಿದರೆ ಮಾತ್ರ ಎಂಬ ಷರತ್ತು ಸೇರಿಸಿದೆ. ರಾಳದ ಬೆಂಕಿ, ಆರ್ಭಟ ಎಲ್ಲವನ್ನೂ ವರ್ಣಿಸಿ ಪ್ರವೇಶ ಮಾಡಿಸಿದೆ. ಮೊದಲ ಏಟಿಗೇ ಇಬ್ಬರಾದರು. ಆಗ ಎಂಟನೇ ಕ್ಲಾಸಿನ ಹುಡುಗಿ ಕತ್ತಿ ಕೆಳಗಿಟ್ಟು ಗದೆ ಕೇಳಿದಳು. ಅವಳ ತಮ್ಮ, ‘ನಾನು ಗುರಾಣಿ ಮಗುಚಿ ಹಿಡೀತೇನೆ, ರಕ್ತ ಅದ್ರಲ್ಲಿ ಬೀಳ್ಲಿ’ ಎಂದ. ಕಾಳಿ ನಾಲಗೆ ಚಾಚಿದ್ದು ಏಕೆಂದು ಆ ಹುಡುಗನಿಗೆ ನಾನು ವಿವರಿಸಬೇಕಾಗಲಿಲ್ಲ.

ತೆಂಕುತಿಟ್ಟಿನ ಪ್ರಸಂಗವನ್ನು ಬಡಗಿನವರು ಆಡುವಾಗ ತೆಂಕಿನ ಹೆಜ್ಜೆಗಳನ್ನು ಎಣಿಸಿ ತರುವುದಿಲ್ಲ. ರಕ್ಕಸ ಎಲ್ಲಿ ಮೆರೆಯಬೇಕು, ಯಾವುದರಿಂದ ಸಾಯಬೇಕು ಎಂಬುದನ್ನು ಉಳಿಸಿಕೊಂಡು ತಮ್ಮ ತಾಳದಲ್ಲಿ ಕುಣಿಯುತ್ತಾರೆ. ರಾಕ್ಷಸರನ್ನು ಒಂದು ಆಟದಿಂದ ಇನ್ನೊಂದಕ್ಕೆ ತರುವುದೂ ಅದೇ ಬಗೆಯ ಕೆಲಸ.

ಲೇಖನದಲ್ಲಿ ಬಿಟ್ಟುಹೋದ ಒಂದು ಸಂಗತಿ ಓದುಗರಿಗೆ ತಿಳಿದಿರಲಿ. 2023ರ ಜನವರಿಯಲ್ಲಿ ಈ ಆಟವನ್ನು ಪ್ರಕಟಿಸುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಐದನೇ ಆವೃತ್ತಿಯ ಮೂಲ ನಿಯಮಗಳ ದಸ್ತಾವೇಜನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಟ್ರೋಲ್, ಕಪ್ಪು ಲೋಳೆ ಎರಡೂ ಅದರಲ್ಲಿವೆ. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ಬದಲಿಸಬಹುದು, ಅಚ್ಚು ಹಾಕಿ ಮಾರಲೂಬಹುದು. ನಿಮ್ಮ ಪುರವಣಿಯಲ್ಲಿ ವಾರಕ್ಕೊಂದು ರಾಕ್ಷಸನನ್ನು, ಅಂಕಿಗಳ ಜೊತೆ ಅದರ ನಡವಳಿಕೆಯನ್ನೂ ನಾಲ್ಕು ಸಾಲಿನಲ್ಲಿ ಬರೆದು ಪ್ರಕಟಿಸುವುದಾದರೆ, ಮೊದಲ ಕೆಲವನ್ನು ನಾನೇ ಬರೆದು ಕಳಿಸುತ್ತೇನೆ.

– ಗಣಿತ ಶಿಕ್ಷಕಿ, ಪುತ್ತೂರು, ದಕ್ಷಿಣ ಕನ್ನಡ