ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಉಪಗ್ರಹ

ಮಾನ್ಯ ಸಂಪಾದಕರೇ,

ಭಾರತದ ಮೊದಲ ಉಪಗ್ರಹ ಆರ್ಯಭಟದ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಬರಹವು 1975ರ ಏಪ್ರಿಲ್ 19ರ ಉಡಾವಣೆಯನ್ನಷ್ಟೇ ಹೇಳಿ ಮುಗಿಸಿದೆ. ಕುಂಬಳೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಆ ತಂಡದಲ್ಲಿ ಕಿರಿಯ ಇಂಜಿನಿಯರನಾಗಿದ್ದ ನಾನು ಅದಕ್ಕೆ ಕೆಲವು ಮಾತು ಸೇರಿಸಬಯಸುತ್ತೇನೆ.

ಬೆಂಗಳೂರಿನ ಪೀಣ್ಯದಲ್ಲಿ ನಮಗೆ ಸಿಕ್ಕಿದ್ದು ಕೈಗಾರಿಕಾ ಶೆಡ್ಡುಗಳು. ಅಲ್ಲಿ ಧೂಳು ನುಸುಳದಂತೆ ಮಾಡಿಕೊಂಡ ಕೋಣೆಯಲ್ಲಿ, ಚಪ್ಪಲಿ ಹೊರಗಿಟ್ಟು, ಬಿಳಿ ಕೋಟು ತೊಟ್ಟು, ಭೂತಗನ್ನಡಿಯಡಿ ಒಂದೊಂದೇ ಬೆಸುಗೆಯನ್ನು ಪರೀಕ್ಷಿಸುತ್ತಿದ್ದೆವು. ಮಂಕಾಗಿ ಕಂಡದ್ದನ್ನು, ಅದರಲ್ಲಿ ವಿದ್ಯುತ್ತು ಸರಿಯಾಗಿ ಹರಿಯುತ್ತಿದ್ದರೂ, ಬಿಚ್ಚಿ ಮತ್ತೆ ಹಾಕುತ್ತಿದ್ದೆವು, ಏಕೆಂದರೆ ಮೇಲೆ ಹೋದ ಬಳಿಕ ರಿಪೇರಿಗೆ ಅವಕಾಶವಿಲ್ಲ. ಸುಮಾರು 360 ಕಿಲೋ ತೂಕದ ಆ ಉಪಗ್ರಹ ಸೋವಿಯತ್ ರಾಕೆಟ್ಟಿನಲ್ಲಿ ಕಕ್ಷೆ ಸೇರಿತು. ವಿದ್ಯುತ್ ದೋಷದಿಂದ ಕೆಲವೇ ದಿನಗಳಲ್ಲಿ ವೈಜ್ಞಾನಿಕ ಪ್ರಯೋಗಗಳು ನಿಂತವು ನಿಜ. ಆದರೂ ಅದನ್ನು ಸೋಲೆಂದು ನಾನು ಎಂದೂ ಎಣಿಸಿಲ್ಲ.

ನಮ್ಮ ಮುಂದಾಳು, ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು. ಆರ್. ರಾವ್. ಅನುಭವವಿಲ್ಲದ ಎಳೆಯರ ಮೇಲೆ ಅಷ್ಟು ದೊಡ್ಡ ಹೊಣೆ ಹೊರಿಸಿದ ಅವರ ಧೈರ್ಯವನ್ನು ನೆನೆದಾಗ ಇಂದಿಗೂ ಮನಸ್ಸು ತುಂಬಿ ಬರುತ್ತದೆ.

ಇನ್ನೊಂದು ವಿಷಯ. 1981ರಲ್ಲಿ ಹಾರಿದ ಭಾರತದ ಸಂಪರ್ಕ ಉಪಗ್ರಹ ಆ್ಯಪಲ್ ಅನ್ನು ಎತ್ತಿನ ಗಾಡಿಯಲ್ಲಿಟ್ಟ ಚಿತ್ರವನ್ನು ಬಡತನದ ಗುರುತೆಂದು ಹಲವರು ತಿಳಿದಿದ್ದಾರೆ. ಆಂಟೆನಾ ಪರೀಕ್ಷೆಗೆ ಲೋಹದ ಅಡ್ಡಿಯಿಲ್ಲದ ಜಾಗ ಬೇಕಿದ್ದುದರಿಂದ ಮರದ ಗಾಡಿಯನ್ನು ಆರಿಸಲಾಗಿತ್ತು.

ಇಂಥ ಸಂಗತಿಗಳು ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಕನ್ನಡದಲ್ಲೇ ಸಿಗುವಂತೆ ವಾರಕ್ಕೊಂದು ಬಾಹ್ಯಾಕಾಶ ಅಂಕಣವನ್ನು ಆರಂಭಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಇಂಜಿನಿಯರ್, ಕುಂಬಳೆ, ಕಾಸರಗೋಡು ಜಿಲ್ಲೆ