ಸ್ಕಾ ಪಂಕ್ ಅಭಿಮಾನಿಗಳ ನೆನಪು ನಗೆಪಾಟಲಿನ ವಸ್ತುವಲ್ಲ

ಮಾನ್ಯ ಸಂಪಾದಕರೇ,

ತೊಂಬತ್ತರ ದಶಕದ ಪಾಶ್ಚಾತ್ಯ ಸಂಗೀತವನ್ನು ಕುರಿತು ನಿಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಗ್ರಂಜ್, ಹಿಪ್‌ಹಾಪ್ ಮತ್ತು ಬ್ರಿಟ್‌ಪಾಪ್‌ಗಳಿಗೆ ಉದಾರವಾಗಿ ಜಾಗ ಕೊಟ್ಟಿರುವ ಲೇಖಕರು, ಜಮೈಕಾದ ಸ್ಕಾ ಸಂಗೀತವನ್ನು ವೇಗದ, ಒರಟು ಪಂಕ್ ರಾಕ್‌ನೊಂದಿಗೆ ಬೆಸೆದ ಸ್ಕಾ ಪಂಕ್ ಎಂಬ ಪ್ರಕಾರಕ್ಕೆ ಮಾತ್ರ ಒಂದೇ ಒಂದು ವಾಕ್ಯವನ್ನು ಮೀಸಲಿಟ್ಟಿದ್ದಾರೆ. ಚೌಕುಳಿ ಬಟ್ಟೆ ತೊಟ್ಟು ಬಂದ ಹುಡುಗರು ಒಂದೆರಡು ವರ್ಷ ಕುಣಿದು ಮರೆಯಾದರು, ಇಂದಿಗೂ ಅದನ್ನು ಕೇಳುವವರು ತಮ್ಮ ಹರೆಯವನ್ನು ನೆನೆದು ಹಳಹಳಿಸುವ ನಡುವಯಸ್ಸಿನವರಷ್ಟೇ ಎಂಬುದು ಅದರ ತಾತ್ಪರ್ಯ. ಈ ಸಂಗೀತದ ಅಭಿಮಾನಿಗಳಲ್ಲಿ ಹಳೆಯದರ ಹಂಬಲ ಬಹಳವಿದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಆ ಹಂಬಲವನ್ನು ದೌರ್ಬಲ್ಯವೆಂದು ಬಗೆದಿರುವುದಕ್ಕೆ ಮಾತ್ರ ನನ್ನ ಆಕ್ಷೇಪ. ಸ್ಕಾ ಹುಟ್ಟಿದ ಕೆಲವೇ ವರ್ಷಗಳಿಂದ ಇಲ್ಲಿಯವರೆಗೆ, ಹಿಂದಿನದನ್ನು ಎತ್ತಿಕೊಂಡು ಮತ್ತೆ ನುಡಿಸುವುದರ ಮೂಲಕವೇ ಅದು ಹೊಸದಾಗುತ್ತ ಬಂದಿದೆ. ಹಾಗಾಗಿ ಅಭಿಮಾನಿಗಳ ನೆನಪನ್ನು ಆ ಸಂಗೀತದಿಂದ ಬೇರ್ಪಡಿಸಿ ಗೇಲಿ ಮಾಡಲು ಬರುವುದಿಲ್ಲ.

ಮೊದಲು ಸಂಗೀತದ ವಿಷಯ. ರಾಕ್ ಹಾಡುಗಳಲ್ಲಿ ಗಿಟಾರ್ ಸಾಮಾನ್ಯವಾಗಿ ಎಣಿಕೆಯ ಬಡಿತದ ಮೇಲೆಯೇ ಬೀಳುತ್ತದೆ. ಸ್ಕಾದಲ್ಲಿ ಅದು ಎರಡು ಬಡಿತಗಳ ನಡುವಿನ ಎಡೆಯಲ್ಲಿ ಎದ್ದು ಬರುತ್ತದೆ. ಎಣಿಸುವಾಗ ಒಂದು, ಎರಡು, ಮೂರು, ನಾಲ್ಕು ಎನ್ನುತ್ತೇವಲ್ಲ, ಆ ಅಂಕಿಗಳ ಮೇಲೆ ಗಿಟಾರ್ ಮೌನವಾಗಿದ್ದು, ಪ್ರತಿ ಎರಡು ಅಂಕಿಗಳ ನಟ್ಟನಡುವೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ತಂತಿಗಳನ್ನು ಮೀಟಿ, ಮರುಕ್ಷಣವೇ ಎಡಗೈಯ ಬೆರಳುಗಳನ್ನು ಸಡಿಲಿಸಿ ನಾದವನ್ನು ಕತ್ತರಿಸಲಾಗುತ್ತದೆ. ಚುಟುಕಾದ, ಒಣಗಿದ, ಪುಟಿಯುವಂಥ ಆ ಸದ್ದಿನ ಕೆಳಗೆ ಬಾಸ್ ಗಿಟಾರ್ ಬಿಡುವಿಲ್ಲದೆ ನಡೆದಾಡುತ್ತಿರುತ್ತದೆ, ಮೇಲೆ ಟ್ರಂಪೆಟ್, ಟ್ರೊಂಬೋನ್ ಮತ್ತು ಸ್ಯಾಕ್ಸೊಫೋನ್‌ಗಳು ಒಟ್ಟಾಗಿ ಒಂದು ರಾಗದ ತುಣುಕನ್ನು ಊದುತ್ತವೆ. ಸ್ಕಾ ಪಂಕ್ ಮಾಡಿದ್ದೇನೆಂದರೆ, ಇದೇ ಲಯವನ್ನು ಪಂಕ್‌ನ ವೇಗಕ್ಕೆ ಏರಿಸಿ, ಪಲ್ಲವಿ ಬರುತ್ತಿದ್ದಂತೆಯೇ ಗಿಟಾರಿನ ಪೆಡಲ್ ಒತ್ತಿ ಆ ಒಣ ಸದ್ದನ್ನು ಗರಗರ ಅಬ್ಬರವಾಗಿ ಬದಲಿಸಿದ್ದು. ಚರಣದಲ್ಲಿ ಕಾಲೆತ್ತಿ ಕುಣಿಯುತ್ತಿದ್ದ ಸಭೆಯೆಲ್ಲ ಆ ಪೆಡಲ್ ಬಿದ್ದ ಗಳಿಗೆಗೆ ಒಬ್ಬರ ಮೇಲೊಬ್ಬರು ಮುಗಿಬೀಳುತ್ತದೆ, ಪಲ್ಲವಿ ಮುಗಿದೊಡನೆ ಮತ್ತೆ ಕುಣಿತಕ್ಕೆ ಮರಳುತ್ತದೆ. ಅಭಿಮಾನಿಗಳು ಜೀವಮಾನವಿಡೀ ನೆನಪಿಟ್ಟುಕೊಳ್ಳುವುದು ಬಹುಮಟ್ಟಿಗೆ ಈ ತಿರುವನ್ನೇ, ಮತ್ತು ಧ್ವನಿಮುದ್ರಿಕೆ ಕೇಳುವಾಗಲೂ ಅವರ ಕಾಲು ಅದಕ್ಕಾಗಿ ಕಾಯುತ್ತಿರುತ್ತದೆ.

ಈ ಲಯ ಹುಟ್ಟಿದ್ದು ಐವತ್ತರ ದಶಕದ ಕೊನೆಯ ಹೊತ್ತಿಗೆ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಅಮೆರಿಕದ ರಿದಮ್ ಆ್ಯಂಡ್ ಬ್ಲೂಸ್, ಜಾಝ್ ಮತ್ತು ಅಲ್ಲಿಯದೇ ಆದ ಮೆಂಟೊ ಸಂಗೀತಗಳು ಬೀದಿಯ ಧ್ವನಿವರ್ಧಕಗಳ ಸುತ್ತ ಕಲೆತು ರೂಪುಗೊಂಡ ಈ ಸಂಗೀತ, 1962ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದಾಗ ಅದರ ಸಂಭ್ರಮದ ದನಿಯಾಯಿತು. ಬಡ ಮತ್ತು ಅನಾಥ ಹುಡುಗರಿಗಾಗಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಯ್ಸ್ ಸ್ಕೂಲ್‌ನ ವಾದ್ಯವೃಂದದಲ್ಲಿ ಊದುವುದನ್ನು ಕಲಿತ ಟಾಮಿ ಮೆಕುಕ್, ಡಾನ್ ಡ್ರಮಂಡ್, ಲೆಸ್ಟರ್ ಸ್ಟರ್ಲಿಂಗ್ ಮೊದಲಾದವರು 1964ರಲ್ಲಿ ಸ್ಕಟಲೈಟ್ಸ್ ತಂಡವನ್ನು ಕಟ್ಟಿದರು. ಮರುವರ್ಷವೇ ಆ ತಂಡ ಚದುರಿತು. ಅದರ ಬೆನ್ನಿಗೇ ಲಯದ ವೇಗ ತಗ್ಗಿ ರಾಕ್‌ಸ್ಟೆಡಿ ಎಂಬ ಪ್ರಕಾರವಾಯಿತು, ಆಮೇಲೆ ರೆಗೇ ಆಯಿತು. ಎಪ್ಪತ್ತರ ದಶಕದಲ್ಲಿ ಜಗತ್ತು ಜಮೈಕಾದ ಕಡೆ ತಿರುಗಿ ನೋಡಿದ್ದು ರೆಗೇಗಾಗಿ, ಅಷ್ಟು ಹೊತ್ತಿಗೆ ಸ್ಕಾ ಹಳೆಯ ಡಿಸ್ಕುಗಳಲ್ಲಿ ಉಳಿದ ಸಂಗೀತವಾಗಿತ್ತು.

ಆ ಡಿಸ್ಕುಗಳನ್ನು ಹುಡುಕಿ ತೆಗೆದವರು ಇಂಗ್ಲೆಂಡಿನ ಹುಡುಗರು. ಕೈಗಾರಿಕೆಗಳು ಕುಸಿಯುತ್ತಿದ್ದ ಕೊವೆಂಟ್ರಿ ನಗರದಲ್ಲಿ ಜೆರ್ರಿ ಡ್ಯಾಮರ್ಸ್ 1979ರಲ್ಲಿ ಟೂ ಟೋನ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಆರಂಭಿಸಿದರು. ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ನಿಂತು ನುಡಿಸುತ್ತಿದ್ದ ಸ್ಪೆಷಲ್ಸ್ ಮತ್ತು ಸೆಲೆಕ್ಟರ್ ತಂಡಗಳು, ಜನಾಂಗ ದ್ವೇಷದ ಸಂಘಟನೆಗಳು ಬೀದಿಗಿಳಿದಿದ್ದ ಆ ಕಾಲದಲ್ಲಿ, ಬರಿಯ ತಮ್ಮ ಇರವಿನಿಂದಲೇ ಒಂದು ಮಾತನ್ನು ಹೇಳುತ್ತಿದ್ದವು. ನಿಮ್ಮ ಲೇಖಕರು ಹಾಸ್ಯ ಮಾಡಿದ ಕಪ್ಪು ಬಿಳುಪಿನ ಚೌಕುಳಿ ಬಂದದ್ದು ಈ ಸಂಸ್ಥೆಯ ಮುದ್ರಿಕೆಗಳ ಹೊದಿಕೆಯಿಂದ, ಮತ್ತು ಅದನ್ನು ತೊಟ್ಟವರಿಗೆ ಅದರ ಅರ್ಥ ಗೊತ್ತಿತ್ತು.

ಈ ತಂಡಗಳ ಕೆಲಸದಲ್ಲಿ ಹಿಂದಿನವರ ಸ್ಮರಣೆ ಎಷ್ಟು ಒಳಗೆ ಹೊಕ್ಕಿತ್ತೆಂಬುದನ್ನು ನೋಡಿ. ಅದೇ ಬಳಗದ ಮ್ಯಾಡ್ನೆಸ್ ತಂಡ ತನ್ನ ಹೆಸರನ್ನೇ ಜಮೈಕಾದ ಸ್ಕಾ ಗಾಯಕ ಪ್ರಿನ್ಸ್ ಬಸ್ಟರ್ ಅವರ ಹಾಡೊಂದರಿಂದ ತೆಗೆದುಕೊಂಡಿತು, ಅದರ ಮೊದಲ ಬಿಡುಗಡೆಯೂ ಅವರಿಗೆ ಸಲ್ಲಿಸಿದ ಗೌರವವೇ ಆಗಿತ್ತು. ಸ್ಪೆಷಲ್ಸ್ ತಂಡದ ಮೊದಲ ಹಾಡು ಕೂಡ ಅದೇ ಬಸ್ಟರ್ ಅವರ ಹಳೆಯ ಮುದ್ರಿಕೆಯೊಂದರ ಮರುಸೃಷ್ಟಿ. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ರಿಕೊ ರಾಡ್ರಿಗಸ್ ಅವರ ಸಂಗತಿ. ಕ್ಯೂಬಾದಲ್ಲಿ ಹುಟ್ಟಿ ಕಿಂಗ್‌ಸ್ಟನ್‌ನಲ್ಲಿ ಬೆಳೆದು, ಆಲ್ಫಾ ಶಾಲೆಯಲ್ಲಿ ಡಾನ್ ಡ್ರಮಂಡ್ ಅವರಿಂದಲೇ ಟ್ರೊಂಬೋನ್ ಪಾಠ ಹೇಳಿಸಿಕೊಂಡು, 1961ರಲ್ಲಿ ಇಂಗ್ಲೆಂಡಿಗೆ ವಲಸೆ ಬಂದಿದ್ದ ಈ ವಾದಕರು, 1967ರಲ್ಲಿ ಡ್ಯಾಂಡಿ ಲಿವಿಂಗ್‌ಸ್ಟನ್ ಅವರ ಹಾಡೊಂದಕ್ಕೆ ಟ್ರೊಂಬೋನ್ ಊದಿದ್ದರು. ಹನ್ನೆರಡು ವರ್ಷಗಳ ನಂತರ ಸ್ಪೆಷಲ್ಸ್ ತಂಡದ ಹುಡುಗರು ಅದೇ ಹಾಡನ್ನು ಹೊಸದಾಗಿ ಮುದ್ರಿಸಲು ಹೊರಟಾಗ, ಅದೇ ರಿಕೊ ಅವರನ್ನು ಕರೆತಂದು ಅದೇ ಭಾಗವನ್ನು ಅವರಿಂದಲೇ ಊದಿಸಿದರು. ಎರಡೂ ಮುದ್ರಿಕೆಗಳನ್ನು ಒಂದರ ಹಿಂದೆ ಒಂದು ಕೇಳಿದರೆ, ನಡುವೆ ಕಳೆದ ಕಾಲ ಅವರ ಟ್ರೊಂಬೋನಿನ ದನಿಯಲ್ಲಿ ಕೇಳಿಸುತ್ತದೆ. ಹಿರಿಯರನ್ನು ಗೌರವದಿಂದ ನೆನೆದರೆ ಸಾಲದು, ಅವರಿಗೆ ಕೆಲಸ ಕೊಡಬೇಕು ಎಂಬ ತಿಳಿವಳಿಕೆ ಆ ಹುಡುಗರಿಗೆ ಇತ್ತು.

ಅಮೆರಿಕದ ಕಥೆ ಶುರುವಾಗುವುದು ಇಲ್ಲಿಂದ. ಲಾಸ್ ಏಂಜಲೀಸ್‌ನ ಫಿಶ್‌ಬೋನ್, ಇಂಗ್ಲೆಂಡಿನಿಂದ ಬಂದವರೊಬ್ಬರು ನ್ಯೂಯಾರ್ಕ್‌ನಲ್ಲಿ ಕಟ್ಟಿದ ಟೋಸ್ಟರ್ಸ್, ಬಾಸ್ಟನ್‌ನ ಮೈಟಿ ಮೈಟಿ ಬಾಸ್ಟೋನ್ಸ್ ಎಂಬತ್ತರ ದಶಕದಲ್ಲಿಯೇ ನೆಲ ಹದ ಮಾಡಿದ್ದವು. ಪಂಕ್ ಜೊತೆಗಿನ ಬೆಸುಗೆ ಅತ್ಯಂತ ಗಟ್ಟಿಯಾದದ್ದು ಆಪರೇಷನ್ ಐವಿ ಎಂಬ ತಂಡದಲ್ಲಿ. ಬರ್ಕ್ಲಿ ನಗರದ 924 ಗಿಲ್ಮನ್ ಸ್ಟ್ರೀಟ್ ಎಂಬ, ಸ್ವಯಂಸೇವಕರೇ ನಡೆಸುವ ಸಭಾಂಗಣದ ಸುತ್ತ ಬೆಳೆದ ಈ ನಾಲ್ವರು 1987ರಿಂದ 1989ರವರೆಗೆ ಮಾತ್ರ ಒಟ್ಟಿಗಿದ್ದರು, ಒಂದೇ ಒಂದು ಪೂರ್ಣ ಆಲ್ಬಂ ಮಾಡಿ ಬೇರೆಯಾದರು. ಆ ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ತಂಡವೇ ಮುಗಿದಿತ್ತೆನ್ನಬಹುದು. ಆದ್ದರಿಂದ ಅದನ್ನು ಹೃದಯಕ್ಕೆ ಹಚ್ಚಿಕೊಂಡವರಲ್ಲಿ ಹೆಚ್ಚಿನವರು ಅವರನ್ನು ಎಂದೂ ವೇದಿಕೆಯ ಮೇಲೆ ಕಂಡವರಲ್ಲ. ತಾನು ಕಾಣದ ಕಾಲವನ್ನು ಹಂಬಲಿಸುವ ಇಂಥ ಅಭಿಮಾನಿಗೆ ಹರೆಯದ ಹಳಹಳಿಕೆ ಎಂಬ ವಿವರಣೆ ಹೊಂದುವುದಿಲ್ಲ.

1995ರಿಂದ 1998ರ ನಡುವಿನ ಅಲೆಯನ್ನು ಹೆಚ್ಚಿನವರು ಬಲ್ಲರು. ರ‍್ಯಾನ್ಸಿಡ್, ನೋ ಡೌಟ್, ರೀಲ್ ಬಿಗ್ ಫಿಶ್, ಲೆಸ್ ದ್ಯಾನ್ ಜೇಕ್, ಗೋಲ್ಡ್‌ಫಿಂಗರ್ ತಂಡಗಳ ಹಾಡುಗಳು ರೇಡಿಯೋದಲ್ಲಿ ಬಂದವು, 1997ರಲ್ಲಿ ಬಾಸ್ಟೋನ್ಸ್ ತಂಡ ತನ್ನ ಅತಿ ದೊಡ್ಡ ಯಶಸ್ಸನ್ನು ಕಂಡಿತು. ಧ್ವನಿಮುದ್ರಣ ಸಂಸ್ಥೆಗೆ ತಮ್ಮನ್ನು ಮಾರಿಕೊಳ್ಳುವುದನ್ನೇ ಗೇಲಿ ಮಾಡಿ ರೀಲ್ ಬಿಗ್ ಫಿಶ್ ಬರೆದ ಹಾಡು, ಆ ಸಂಸ್ಥೆಗಳ ಭರಾಟೆಯ ನಡುವೆಯೇ ಅವರ ಅತಿ ಜನಪ್ರಿಯ ಹಾಡಾಯಿತು. ಆ ಕಾಲದ ಹಾಸ್ಯಪ್ರಜ್ಞೆ ಎಂಥದೆಂದು ತಿಳಿಯಲು ಇದೊಂದು ಸಾಕು. ದೊಡ್ಡ ಸಂಸ್ಥೆಗಳು ಬಂದಷ್ಟೇ ವೇಗವಾಗಿ ಹಿಂದೆ ಸರಿದವು. ಏಳೆಂಟು ಜನರ ತಂಡವನ್ನು ಊರೂರಿಗೆ ಕರೆದೊಯ್ಯುವ ಖರ್ಚನ್ನು, ಬಂದ ಹಣವನ್ನು ಅಷ್ಟೂ ಮಂದಿಗೆ ಹಂಚಿಕೊಳ್ಳುವ ಕಷ್ಟವನ್ನು ನಿಮ್ಮ ಲೇಖಕರು ಲೆಕ್ಕಕ್ಕೆ ಹಿಡಿದಿದ್ದರೆ, ಈ ತಂಡಗಳು ಮರೆಯಾದವು ಎಂದು ಬರೆಯುವ ಬದಲು, ರೇಡಿಯೋ ಕೈಬಿಟ್ಟ ಮೇಲೂ ಇವು ಹೇಗೆ ಉಳಿದವು ಎಂದು ಕೇಳುತ್ತಿದ್ದರು.

ಉಳಿಸಿದವರು ಅಭಿಮಾನಿಗಳು. ಬಾಸ್ಟೋನ್ಸ್ ತಂಡ ವರ್ಷದ ಕೊನೆಯಲ್ಲಿ ತನ್ನ ತವರಿನಲ್ಲಿ ಸತತ ಹಲವು ರಾತ್ರಿ ನಡೆಸಿಕೊಂಡು ಬಂದ ಸಂಗೀತ ಕಛೇರಿಗಳಿಗೆ ಜನ ದೂರದಿಂದ ಬರುತ್ತಿದ್ದರು. ವಾದ್ಯ ನುಡಿಸುವುದನ್ನು ಮುಖ್ಯವಾಗಿಸಿಕೊಳ್ಳದೆ, ಕುಣಿಯುವುದಕ್ಕೆಂದೇ ಬೆನ್ ಕಾರ್ ಎಂಬುವರು ಆ ತಂಡದಲ್ಲಿ ಪೂರ್ಣಪ್ರಮಾಣದ ಸದಸ್ಯರಾಗಿದ್ದರು. ವಿಮರ್ಶಕರಿಗೆ ಇದು ಹುಡುಗಾಟವಾಗಿ ಕಂಡಿರಬಹುದು, ನನಗೆ ಮಾತ್ರ ಆ ಸಂಗೀತವನ್ನು ಅರಿತವರು ತೆಗೆದುಕೊಂಡ ಸರಿಯಾದ ತೀರ್ಮಾನವಾಗಿ ಕಾಣುತ್ತದೆ. ಸ್ಕ್ಯಾಂಕಿಂಗ್ ಎಂದು ಕರೆಯುವ ಆ ಕುಣಿತದಲ್ಲಿ ಮೊಣಕೈಗಳನ್ನು ಮಡಿಚಿ, ಮೊಣಕಾಲುಗಳನ್ನು ಒಂದೊಂದಾಗಿ ಎತ್ತುತ್ತ, ಓಡುವವರಂತೆ ನಿಂತಲ್ಲೇ ತೂಗಬೇಕು. ಯಾರಿಂದಲಾದರೂ ಆಗುತ್ತದೆ, ಯಾರು ಕುಣಿದರೂ ಚೆನ್ನಾಗಿ ಕಾಣುವುದಿಲ್ಲ. ನೂಕುನುಗ್ಗಲಿನಲ್ಲಿ ಯಾರಾದರೂ ಬಿದ್ದರೆ ಸುತ್ತಲಿನವರು ತಕ್ಷಣ ಕೈಚಾಚಿ ಎಬ್ಬಿಸುತ್ತಾರೆ. ಚಿಕ್ಕಂದಿನಲ್ಲಿ ಶಾಲೆಯ ವಾದ್ಯವೃಂದದಲ್ಲಿ ಟ್ರೊಂಬೋನ್ ಹಿಡಿದು, ರಾಕ್ ತಂಡ ಕಟ್ಟಿದ ಗೆಳೆಯರಿಂದ ಹೊರಗುಳಿದ ಹುಡುಗ ಹುಡುಗಿಯರಿಗೆ, ತಮ್ಮ ವಾದ್ಯವನ್ನು ಹೊತ್ತುಕೊಂಡೇ ಪಂಕ್ ವೇದಿಕೆ ಏರಬಹುದೆಂದು ತೋರಿಸಿಕೊಟ್ಟದ್ದು ಈ ಸಂಗೀತ. ಹಾಡಿನ ಸಾಹಿತ್ಯ ಕೆಲಸ ಸಿಗದ್ದನ್ನೋ, ಸಣ್ಣ ಊರಿನಲ್ಲಿ ಸಿಕ್ಕಿಕೊಂಡ ಬೇಸರವನ್ನೋ, ಗೆಳೆತನ ಮುರಿದದ್ದನ್ನೋ ಹೇಳುತ್ತಿದ್ದರೂ ಮೇಲಿನ ಕಹಳೆಗಳು ಹಬ್ಬದಂತೆ ಮೊಳಗುತ್ತಿರುತ್ತವೆ. ದುಃಖವನ್ನು ಕುಣಿಯುತ್ತ ಹೇಳಿಕೊಳ್ಳುವ ಈ ರೀತಿಗೆ ಒಗ್ಗಿದವರು ಬೇರೆ ಸಂಗೀತದಲ್ಲಿ ಅದನ್ನು ಅರಸಿ ಬರಿಗೈಯಲ್ಲಿ ಮರಳುವುದು ಸಹಜ.

ಹಾಗೆಂದು ಅಭಿಮಾನಿಗಳ ಎಲ್ಲ ನಡೆಯನ್ನೂ ನಾನು ಸಮರ್ಥಿಸುವುದಿಲ್ಲ. ಅವರಲ್ಲಿ ಒಂದು ಪಂಗಡಕ್ಕೆ ಇತಿಹಾಸ ಆರಂಭವಾಗುವುದೇ 1995ರಲ್ಲಿ. 1999ರ ಟೋನಿ ಹಾಕ್ ಸ್ಕೇಟಿಂಗ್ ವಿಡಿಯೋ ಆಟದಲ್ಲಿ ಕೇಳಿದ ಗೋಲ್ಡ್‌ಫಿಂಗರ್ ಹಾಡಿನಿಂದ ಬಾಗಿಲು ತೆರೆದುಕೊಂಡಿತೆಂದು ಸಂತೋಷದಿಂದ ಹೇಳುವವರು, ಆ ಬಾಗಿಲನ್ನು ದಾಟಿ ಕಿಂಗ್‌ಸ್ಟನ್‌ವರೆಗೆ ನಡೆದುಹೋಗುವ ಶ್ರಮವನ್ನು ಎಷ್ಟೋ ಸಲ ತೆಗೆದುಕೊಂಡಿಲ್ಲ. ಕರಿಯರ ದೇಶವೊಂದು ತನ್ನ ಸ್ವಾತಂತ್ರ್ಯದ ಹೊಸ್ತಿಲಲ್ಲಿ ಸೃಷ್ಟಿಸಿದ ಸಂಗೀತ, ಅಮೆರಿಕದ ಉಪನಗರಗಳ ಬಿಳಿಯ ಹುಡುಗರ ತಮಾಷೆಯೆಂದು ಜನರ ಮನಸ್ಸಿನಲ್ಲಿ ಉಳಿದಿದ್ದರೆ ಅದರಲ್ಲಿ ಆ ಅಭಿಮಾನಿಗಳ ಪಾಲೂ ಇದೆ. ಹೊಸ ತಂಡಗಳ ಹಾಡು ಕೇಳದೆಯೇ ಹಳೆಯದರ ಸಮ ಬರುವುದಿಲ್ಲ ಎಂದು ತಳ್ಳಿಹಾಕುವವರ ಬಗ್ಗೆಯೂ ನನಗೆ ಸಹಾನುಭೂತಿಯಿಲ್ಲ.

ಏಕೆಂದರೆ ಹೊಸ ತಂಡಗಳಿವೆ, ಮತ್ತು ಅವು ಹಳೆಯದನ್ನು ಚೆನ್ನಾಗಿ ಓದಿಕೊಂಡಿವೆ. ಜೆರ್ ಎಂಬ ಕರಿಯ ವಾದಕರು ಸ್ಕಾಟ್ಯೂನ್ ನೆಟ್‌ವರ್ಕ್ ಎಂಬ ಹೆಸರಿನಲ್ಲಿ, ಹೆಚ್ಚಿನ ವಾದ್ಯಗಳನ್ನು ತಾವೇ ನುಡಿಸಿ, ಬೇರೆ ಬೇರೆ ಪ್ರಕಾರದ ಹಾಡುಗಳನ್ನು ಸ್ಕಾಗೆ ಒಗ್ಗಿಸಿ ಯೂಟ್ಯೂಬಿನಲ್ಲಿ ಹಾಕುತ್ತ, ಅದರ ಜೊತೆಗೇ ಈ ಸಂಗೀತದ ಜಮೈಕಾ ಮೂಲವನ್ನು ಎಳೆಯರಿಗೆ ತಿಳಿಸಿಕೊಡುತ್ತ ಬಂದಿದ್ದಾರೆ. 2022ರಲ್ಲಿ ಅವರ ಸ್ವಂತ ಹಾಡುಗಳ ಆಲ್ಬಂ ಕೂಡ ಬಂದಿತು. ಫಿಲಡೆಲ್ಫಿಯಾದ ಕ್ಯಾಟ್‌ಬೈಟ್, ಮಿಷಿಗನ್‌ನಲ್ಲಿ ಹುಟ್ಟಿದ ವಿ ಆರ್ ದಿ ಯೂನಿಯನ್ ತಂಡಗಳು 2021ರಲ್ಲಿ ಹೊರತಂದ ಆಲ್ಬಂಗಳನ್ನು ಕೇಳಿದವರು, ಈ ಪ್ರಕಾರ ಸತ್ತಿದೆ ಎಂದು ಬರೆಯಲು ಹಿಂಜರಿಯುತ್ತಾರೆ. ಪಂಕ್ ಗಾಯಕ ಜೆಫ್ ರೋಸೆನ್‌ಸ್ಟಾಕ್ ಅದೇ ವರ್ಷ ತಮ್ಮ ಹಿಂದಿನ ಆಲ್ಬಮ್ಮೊಂದನ್ನು ಮೊದಲಿನಿಂದ ಕೊನೆಯವರೆಗೆ ಸ್ಕಾ ಆಗಿ ಮರುಮುದ್ರಿಸಿದರು. ಹೀಗೆ ಇಡೀ ಆಲ್ಬಮ್ಮನ್ನೇ ಮತ್ತೆ ನುಡಿಸುವುದು ಈ ಬಳಗಕ್ಕೆ ಹೊಸತಲ್ಲ. ಟೋಮಾಸ್ ಕಲ್ನೋಕಿ ತಾವು ಕ್ಯಾಚ್ 22 ತಂಡದಲ್ಲಿದ್ದಾಗ 1998ರಲ್ಲಿ ಮಾಡಿದ ಆಲ್ಬಮ್ಮನ್ನು, 2006ರಲ್ಲಿ ಸ್ಟ್ರೀಟ್‌ಲೈಟ್ ಮ್ಯಾನಿಫೆಸ್ಟೊ ತಂಡದೊಡನೆ ಪೂರ್ತಿಯಾಗಿ ಮರುಮುದ್ರಿಸಿದ್ದರು, ಎರಡರಲ್ಲಿ ಯಾವುದು ಮೇಲೆಂಬ ಜಗಳ ಅಭಿಮಾನಿಗಳ ನಡುವೆ ಇನ್ನೂ ಬಗೆಹರಿದಿಲ್ಲ. (ನನ್ನ ಮತ ಹಳೆಯದಕ್ಕೆ. ಅದರ ಒರಟುತನ ಎರಡನೆಯದರಲ್ಲಿ ನುಣುಪಾಗಿಬಿಟ್ಟಿದೆ.) ಜಪಾನಿನ ಟೋಕಿಯೊ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾ, ಮೆಕ್ಸಿಕೋದ ಪ್ಯಾಂಟಿಯೋನ್ ರೊಕೊಕೊ, ಸ್ಪೇನಿನ ಸ್ಕಾ-ಪಿ ತಂಡಗಳ ಮಟ್ಟಿಗಂತೂ, ಈ ಸಂಗೀತ ತೊಂಬತ್ತರ ದಶಕದ ಅಮೆರಿಕದೊಂದಿಗೆ ಮುಗಿಯಿತು ಎಂಬ ಮಾತಿಗೆ ಅರ್ಥವೇ ಇಲ್ಲ.

2022ರ ಜನವರಿಯಲ್ಲಿ ಬಾಸ್ಟೋನ್ಸ್ ತಂಡ ವಿಸರ್ಜನೆಯಾಯಿತು, ಅದೇ ಡಿಸೆಂಬರಿನಲ್ಲಿ ಸ್ಪೆಷಲ್ಸ್ ತಂಡದ ಗಾಯಕ ಟೆರ್ರಿ ಹಾಲ್ ತೀರಿಕೊಂಡರು. ಅದಕ್ಕೆ ಮೂರು ವರ್ಷ ಹಿಂದೆ, 2019ರಲ್ಲಿ, ಸ್ಪೆಷಲ್ಸ್ ತಂಡದ ಹೊಸ ಆಲ್ಬಂ ಬ್ರಿಟನ್ನಿನ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು ಎಂಬುದನ್ನು ಮತ್ತು ನಾಲ್ಕು ದಶಕಗಳ ಹಿಂದಿನ ಅವರ ಮೊದಲ ಆಲ್ಬಮ್ಮಿಗೂ ಆ ಸ್ಥಾನ ಸಿಕ್ಕಿರಲಿಲ್ಲ ಎಂಬುದನ್ನು ನಿಮ್ಮ ಲೇಖಕರ ಗಮನಕ್ಕೆ ತರಬಯಸುತ್ತೇನೆ. ಪುರವಣಿಯ ಲೇಖನಮಾಲೆ ಮುಂದಿನ ವಾರಗಳಲ್ಲಿಯೂ ಮುಂದುವರಿಯಲಿದೆ ಎಂದು ಪ್ರಕಟಿಸಿದ್ದೀರಿ. ಅದರಲ್ಲಿ ಒಂದು ಕಂತನ್ನು ಈ ಸಂಗೀತಕ್ಕೆ ಕೊಡಬೇಕೆಂದೂ, ಅದನ್ನು ಕಿಂಗ್‌ಸ್ಟನ್‌ನ ಆ ಶಾಲೆಯ ವಾದ್ಯವೃಂದದಿಂದ ಆರಂಭಿಸಬೇಕೆಂದೂ, ಗಾಯಕರ ಜೊತೆಗೆ ಊದುವವರ ಹೆಸರುಗಳನ್ನೂ ಅಚ್ಚು ಮಾಡಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ